ಟೇಪಿನ ಮೇಲೆ ಬರೆದ ಹೆಸರು

2018ರ ಜೂನ್ ತಿಂಗಳಲ್ಲಿ ಆ ಸುದ್ದಿ ಬಂದಾಗಿನಿಂದ ನಾನು ದಿನ ಎಣಿಸಲು ಶುರುಮಾಡಿದ್ದೆ. ಅಮೆರಿಕದ ಗಾಯಕ ಪ್ರಿನ್ಸ್ ಅವರು 1983ರಲ್ಲಿ ತಮ್ಮ ಮನೆಯ ಸ್ಟುಡಿಯೋದಲ್ಲಿ ಪಿಯಾನೋ ಮುಂದೆ ಕೂತು ಮನಸ್ಸಿಗೆ ಬಂದಂತೆ ಹಾಡಿಕೊಂಡಿದ್ದ ಒಂದು ಕ್ಯಾಸೆಟ್, ಸೆಪ್ಟೆಂಬರ್ 21ರಂದು ‘ಪಿಯಾನೋ ಅಂಡ್ ಎ ಮೈಕ್ರೊಫೋನ್ 1983’ ಎಂಬ ಹೆಸರಿನಲ್ಲಿ ಹೊರಬರಲಿತ್ತು. ಅದರಲ್ಲಿರುವ ಹಾಡುಗಳ ಪಟ್ಟಿ ಮೊದಲೇ ಪ್ರಕಟವಾಗಿತ್ತು. ಅವುಗಳಲ್ಲಿ ಕೆಲವನ್ನು ಅವರ ಅಭಿಮಾನಿಗಳು ಕೈಯಿಂದ ಕೈಗೆ ದಾಟಿಬಂದ ಮಸುಕು ನಕಲುಗಳಲ್ಲಿ ಆಗಲೇ ಕೇಳಿದ್ದರು; ಇನ್ನು ಕೆಲವು ಪೂರ್ಣರೂಪದಲ್ಲಿ, ಇಡೀ ವಾದ್ಯತಂಡದೊಡನೆ, ಲೋಕಕ್ಕೆಲ್ಲ ಗೊತ್ತಿದ್ದವು. ಹಾಗಿದ್ದೂ ಆ ಮೂರು ತಿಂಗಳು ನನ್ನೊಳಗೆ ಒಂದು ಚಡಪಡಿಕೆಯಿತ್ತು, ಅದರ ಜೊತೆಗೇ ಒಂದು ಅಳುಕೂ ಇತ್ತು. ಪ್ರಿನ್ಸ್ 2016ರ ಏಪ್ರಿಲ್‌ನಲ್ಲಿ ಉಯಿಲು ಬರೆಯದೆ ತೀರಿಕೊಂಡಿದ್ದರು. ಈ ಟೇಪನ್ನು ಹೊರಗೆ ತರಬೇಕೆಂದು ತೀರ್ಮಾನಿಸಿದವರು ಅವರಲ್ಲ. ಬೇರೆಯವರ ಹೆಸರಿಗೆ ಬಂದ ಪತ್ರವನ್ನು ಒಡೆಯಲು ಕೈಯಲ್ಲಿ ಹಿಡಿದು ಕೂತವನ ಅಳುಕು ಅದು.

ಬಿಡುಗಡೆಯ ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹಾಡು ಶುರುವಾಗುವುದಕ್ಕೆ ಮುಂಚೆ ಅವರು ಎಂಜಿನಿಯರ್ ಜೊತೆ ಮಾತನಾಡುತ್ತಾರೆ. ಆಮೇಲೆ ಬೆರಳುಗಳು ಕೀಲಿಮಣೆಯ ಮೇಲೆ ಇಳಿಯುತ್ತವೆ, ಮುಂದಿನ ಸುಮಾರು 35 ನಿಮಿಷ ನಿಲ್ಲುವುದಿಲ್ಲ. ಒಂದು ಹಾಡು ಮುಗಿಯಿತೆನ್ನುವಷ್ಟರಲ್ಲಿ ಅದರ ಬಾಲದಿಂದಲೇ ಇನ್ನೊಂದು ಹುಟ್ಟುತ್ತದೆ. ‘ಪರ್ಪಲ್ ರೇನ್’ ಹಾಗೆಯೇ ಬರುತ್ತದೆ, ಒಂದೂವರೆ ನಿಮಿಷವೂ ಇರದೆ ಹೋಗಿಬಿಡುತ್ತದೆ. ಮರುವರ್ಷ, ಅಂದರೆ 1984ರಲ್ಲಿ, ಜಗತ್ತನ್ನೆಲ್ಲ ಆವರಿಸಲಿದ್ದ ಹಾಡು ಇಲ್ಲಿ ಪಕ್ಕದ ಕೋಣೆಗೆ ಹೋಗುವಾಗ ಒಂದು ಕ್ಷಣ ಇಣುಕಿದ ಹುಡುಗನಂತಿದೆ; ತಾನು ಯಾರಾಗಲಿದ್ದೇನೆಂಬ ಅರಿವು ಅದಕ್ಕೆ ಇನ್ನೂ ಬಂದಿಲ್ಲ. ನಾನು ಆ ಭಾಗವನ್ನು ಮತ್ತೆ ಮತ್ತೆ ಕೇಳಿದೆ, ಪ್ರತಿ ಸಲವೂ ಧ್ವನಿಯನ್ನು ಒಂದಿಷ್ಟು ಏರಿಸಿ. ನಾಲ್ಕನೆಯ ಸಲವೋ ಐದನೆಯ ಸಲವೋ ನನ್ನ ಕಿವಿ ಹಾಡನ್ನು ಬಿಟ್ಟು ಅದರ ಸುತ್ತಲಿನದನ್ನು ಹುಡುಕುತ್ತಿದೆಯೆಂಬುದು ಗಮನಕ್ಕೆ ಬಂತು. ಉಸಿರು, ನೆಲಕ್ಕೆ ತಾಳ ಹಾಕುವ ಕಾಲು, ಕೋಣೆಯ ಗೋಡೆಗಳಿಗೆ ತಾಗಿ ಮರಳುವ ಸ್ವರ. ನಾನು ಮೂರು ತಿಂಗಳು ಕಾದದ್ದು ಇದಕ್ಕೇ ಎಂದು ಆಗ ಅನಿಸಿತು. ಹಾಗೆ ಅನಿಸಿದ್ದು ಅರ್ಧ ಮಾತ್ರ ಸರಿ ಎಂದು ಈಗ ತಿಳಿಯುತ್ತಿದೆ.

ಯಾರೂ ಕೇಳುತ್ತಿಲ್ಲವೆಂಬ ನಂಬಿಕೆ

ಇಂತಹ ಮನೆಯ ಧ್ವನಿಮುದ್ರಣಗಳ ಬಗ್ಗೆ ಅಭಿಮಾನಿಗಳಾದ ನಾವು ಆಡುವ ಮಾತೊಂದಿದೆ: ಇಲ್ಲಿ ಕಲಾವಿದರು ತಾವಾಗಿಯೇ ಇದ್ದಾರೆ, ಯಾರೂ ಕೇಳುತ್ತಿಲ್ಲವೆಂದುಕೊಂಡು ಹಾಡಿದ್ದಾರೆ, ಆದ್ದರಿಂದ ಇದೇ ನಿಜ. ನಾನೂ ಇದನ್ನು ಎಷ್ಟೋ ವರ್ಷ ನಂಬಿದ್ದೆ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಈ ಮಾತು ನಿಲ್ಲುವುದಿಲ್ಲ. ಯಾರೂ ಕೇಳುವುದು ಬೇಡ ಎನ್ನುವವರು ಟೇಪ್ ರೆಕಾರ್ಡರ್ ಹಚ್ಚುವುದೇ ಇಲ್ಲ. ಆ ಗುಂಡಿಯನ್ನು ಒತ್ತಿದ ಬೆರಳು ಯಾರದ್ದೇ ಇರಲಿ, ಅದಕ್ಕೆ ಮುಂದೊಂದು ದಿನ ಕೇಳುವ ಒಂದು ಕಿವಿ ಗೊತ್ತಿತ್ತು. ಮನೆಯ ಟೇಪಿಗೂ ಕೇಳುಗರಿದ್ದಾರೆ. ಆ ಕೇಳುಗರು ನಾವಲ್ಲ, ಅಷ್ಟೆ.

ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ನೆಲಮಾಳಿಗೆಯ ಟೇಪುಗಳನ್ನೇ ನೋಡಬಹುದು. 1967ರಲ್ಲಿ ಅವರೂ, ಮುಂದೆ ‘ದಿ ಬ್ಯಾಂಡ್’ ಎಂದು ಹೆಸರಾದ ಗೆಳೆಯರೂ ಸೇರಿ, ಮೊದಲು ವುಡ್‌ಸ್ಟಾಕ್‌ನ ಡಿಲನ್ ಮನೆಯಲ್ಲಿ, ಆಮೇಲೆ ಹತ್ತಿರದ ವೆಸ್ಟ್ ಸಾಗರ್ಟೀಸ್‌ನ ‘ಬಿಗ್ ಪಿಂಕ್’ ಎಂಬ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಜನಪದ ಗೀತೆಗಳನ್ನೂ ಅಂದಂದೇ ಹುಟ್ಟಿದ ಹಾಡುಗಳನ್ನೂ ನುಡಿಸಿದರು. ಆರ್ಗನ್ ನುಡಿಸುತ್ತಿದ್ದ ಗಾರ್ತ್ ಹಡ್ಸನ್ ಅವರೇ ರೆಕಾರ್ಡರನ್ನೂ ನೋಡಿಕೊಳ್ಳುತ್ತಿದ್ದರು. ಸಂಗೀತದ ಇತಿಹಾಸದಲ್ಲಿ ಇದಕ್ಕಿಂತ ನಿರಾಳವಾದ ಟೇಪು ಇಲ್ಲವೆಂದೇ ನಾವೆಲ್ಲ ಹೇಳುತ್ತೇವೆ. ಪದ ಮರೆತು ನಗುವುದು, ಅರ್ಧಕ್ಕೇ ಬಿಟ್ಟು ಬೇರೆ ಹಾಡಿಗೆ ಹೋಗುವುದು ಎಲ್ಲವೂ ಅದರಲ್ಲಿದೆ. ಆದರೆ ಅದೇ ಟೇಪುಗಳಿಂದ ಆಯ್ದ ಹದಿನಾಲ್ಕು ಹಾಡುಗಳು ಬೇರೆ ಗಾಯಕರು ಹಾಡಲೆಂದು ಪ್ರಕಾಶನ ಸಂಸ್ಥೆಯ ಮೂಲಕ ಊರೂರಿಗೆ ಹೋದವು. ಅಷ್ಟು ನಿರಾಳವಾದ ನೆಲಮಾಳಿಗೆಯಲ್ಲೂ ಒಂದು ಕಿಟಕಿ ಅಂಗಡಿಬೀದಿಯ ಕಡೆಗೆ ತೆರೆದಿತ್ತು. ಇದನ್ನು ತಿಳಿದ ಮೇಲೆ ಆ ಹಾಡುಗಳ ಮೇಲಿನ ನನ್ನ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಯಾವ ಹಾಡು ಗೆಳೆಯರನ್ನು ನಗಿಸಲು ಹುಟ್ಟಿದ್ದು, ಯಾವುದು ಅಂಚೆಗೆ ಹೋಗಲೆಂದು ನೆಟ್ಟಗೆ ನಿಂತದ್ದು ಎಂಬ ವ್ಯತ್ಯಾಸ ಕಿವಿಗೆ ಬೀಳತೊಡಗಿತು.

ಆ ಟೇಪುಗಳಿಗಾಗಿ ಜನ ಕಾದದ್ದು 47 ವರ್ಷ. 1969ರಲ್ಲಿ ‘ಗ್ರೇಟ್ ವೈಟ್ ವಂಡರ್’ ಎಂಬ ಕಳ್ಳಮುದ್ರಿಕೆ ಹೊರಬಂತು, ಅದರಲ್ಲಿ ಕೆಲವು ಹಾಡುಗಳಿದ್ದವು. 1975ರಲ್ಲಿ ಅಧಿಕೃತ ಆಲ್ಬಮ್ ಬಂತು. ಅದರ 24 ಹಾಡುಗಳಲ್ಲಿ ಎಂಟು ಡಿಲನ್ ಇಲ್ಲದ ಹಾಡುಗಳು, ಕೆಲವಕ್ಕೆ ಆಮೇಲೆ ವಾದ್ಯಗಳನ್ನು ಸೇರಿಸಲಾಗಿತ್ತು. ಆರು ಸಿ.ಡಿ.ಗಳ, 130ಕ್ಕೂ ಹೆಚ್ಚು ಧ್ವನಿಮುದ್ರಣಗಳ ಸಮಗ್ರ ಸಂಪುಟ ಬಂದದ್ದು 2014ರ ನವೆಂಬರ್‌ನಲ್ಲಿ. ಯೌವನದಲ್ಲಿ ಮಸುಕು ನಕಲು ಕೇಳಿ ಮರುಳಾದವರು ಅಷ್ಟು ಹೊತ್ತಿಗೆ ಮುದುಕರಾಗಿದ್ದರು. ಅವರಲ್ಲಿ ಅನೇಕರು ಸ್ವಚ್ಛವಾದ ಹೊಸ ಮುದ್ರಿಕೆಯಲ್ಲಿ ಹಳೆಯ ನಕಲಿನ ಗರಗರ ಸದ್ದನ್ನು ಹುಡುಕಿರಬೇಕೆಂದು ನನಗನಿಸುತ್ತದೆ. ಕಾಯುವವನಿಗೆ ಕಾಯುತ್ತಿರುವ ವಸ್ತುವಿಗಿಂತ ತನ್ನ ಕೈಯಲ್ಲಿರುವ ಅದರ ನೆರಳೇ ಹೆಚ್ಚು ಪರಿಚಿತ.

ಹೆಸರು ಬರೆದ ಕ್ಯಾಸೆಟ್ಟು

ಎಲ್ಲ ಮನೆಯ ಟೇಪುಗಳಿಗೂ ಒಂದು ವಿಳಾಸವಿದೆ ಎಂಬುದು ನನಗೆ ಹೊಳೆದದ್ದು ಬೀಟಲ್ಸ್ ತಂಡದ ಜಾನ್ ಲೆನನ್ ಅವರ ಕ್ಯಾಸೆಟ್ಟಿನಿಂದ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಡಕೋಟಾ ಕಟ್ಟಡದ ತಮ್ಮ ಮನೆಯಲ್ಲಿ ಅವರು ಪಿಯಾನೋ ನುಡಿಸುತ್ತ ‘ನೌ ಅಂಡ್ ದೆನ್’ ಹಾಡಿನ ಕರಡನ್ನು ಮುದ್ರಿಸಿಕೊಂಡಿದ್ದರು. 1980ರಲ್ಲಿ ಅವರ ಕೊಲೆಯಾಯಿತು. 1994ರಲ್ಲಿ ಅವರ ಪತ್ನಿ ಯೋಕೋ ಓನೋ ಆ ಟೇಪನ್ನು ತಂಡದ ಗೆಳೆಯ ಪಾಲ್ ಮೆಕಾರ್ಟ್ನಿ ಅವರ ಕೈಗೆ ಕೊಟ್ಟಾಗ ಅದರ ಮೇಲೆ ‘ಪಾಲ್‌ಗಾಗಿ’ ಎಂಬರ್ಥದ ಎರಡು ಪದಗಳಿದ್ದವು. ಅದೇ ಕೊಡುಗೆಯಲ್ಲಿದ್ದ ಬೇರೆ ಎರಡು ಹಾಡುಗಳು ಪೂರ್ಣಗೊಂಡು 1995 ಮತ್ತು 1996ರಲ್ಲಿ ಬಿಡುಗಡೆಯಾದವು. ಇದೊಂದು ಮಾತ್ರ ನಿಂತುಹೋಯಿತು. ವಿದ್ಯುತ್ತಿನ ಗುಂಯ್‌ಗುಡುವಿಕೆ ಅದರಲ್ಲಿ ತುಂಬಿತ್ತು, ಪಿಯಾನೋ ಮತ್ತು ಕಂಠ ಒಂದೇ ಮುದ್ದೆಯಾಗಿದ್ದವು. ಎರಡನ್ನೂ ಬೇರ್ಪಡಿಸುವುದನ್ನು ಕಲಿತ ಕಂಪ್ಯೂಟರ್ ತಂತ್ರ ಬಂದ ಮೇಲೆ, 2023ರ ನವೆಂಬರ್ 2ರಂದು ಹಾಡು ಬಿಡುಗಡೆಯಾಯಿತು. ಅಷ್ಟರಲ್ಲಿ ತಂಡದ ಇನ್ನೊಬ್ಬ ಗೆಳೆಯ ಜಾರ್ಜ್ ಹ್ಯಾರಿಸನ್ ತೀರಿಕೊಂಡು 22 ವರ್ಷಗಳಾಗುತ್ತಿದ್ದವು.

ಆ ಹಾಡಿಗಾಗಿ ನಾನೂ ಕಾದಿದ್ದೆ. ಲೆನನ್ ಅವರ ಕಂಠ ಕೊನೆಗೂ ಬಿಡಿಯಾಗಿ, ಪಕ್ಕದಲ್ಲೇ ನಿಂತು ಹಾಡಿದಷ್ಟು ಸ್ಪಷ್ಟವಾಗಿ ಕೇಳಿದಾಗ ಕಣ್ಣು ಒದ್ದೆಯಾಯಿತು. ಆದರೆ ಮರುದಿನ ಹಳೆಯ ಗುಂಯ್‌ಗುಡುವ ನಕಲನ್ನೇ ಮತ್ತೆ ಹಾಕಿಕೊಂಡೆ. ಸ್ವಚ್ಛಗೊಂಡ ಕಂಠದಲ್ಲಿ ಮನುಷ್ಯ ಇದ್ದರು, ಕೋಣೆ ಇರಲಿಲ್ಲ. ಪಾಲ್ ಅವರಿಗಾದರೆ ಬೇಕಾದದ್ದು ಗೆಳೆಯನ ದನಿ; ಆ ಕೋಣೆಯ ಸದ್ದನ್ನು ಅವರು ಸರಿಸಿದ್ದು ಸಹಜ. ಟೇಪಿನ ಮೇಲೆ ಅವರ ಹೆಸರಿತ್ತು, ಅದನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಹಕ್ಕು ಇನ್ನಾರಿಗಿಂತಲೂ ಅವರಿಗೆ ಹೆಚ್ಚಿತ್ತು. ಹೆಸರಿಲ್ಲದ ನಾವು ಅದರ ಅಂಚಿನಲ್ಲಿ ಕೂತು ಕೇಳಿಸಿಕೊಂಡವರು, ನಮಗೆ ಗುಂಯ್‌ಗುಡುವಿಕೆಯೂ ಬೇಕು.

ಹೀಗೆ ನೋಡತೊಡಗಿದರೆ ಒಂದೊಂದು ಟೇಪಿನ ಮೇಲೂ ಕಾಣದ ಒಂದು ಹೆಸರು ಕಾಣಿಸುತ್ತದೆ. 1968ರ ಮೇ ತಿಂಗಳ ಕೊನೆಯಲ್ಲಿ ಬೀಟಲ್ಸ್ ಗೆಳೆಯರು ಈಷರ್‌ನಲ್ಲಿದ್ದ ಹ್ಯಾರಿಸನ್ ಅವರ ಮನೆಯಲ್ಲಿ ಗಿಟಾರ್ ಹಿಡಿದು ಹಾಡಿಕೊಂಡ ಕರಡುಗಳಲ್ಲಿ ಹಾಡು ಕಟ್ಟಿದವರು ಉಳಿದವರಿಗೆ ತಮ್ಮ ಹೊಸ ಹಾಡು ಒಪ್ಪಿಸುತ್ತಿದ್ದಾರೆ. ಐವತ್ತು ವರ್ಷ ಕಾದ ಮೇಲೆ, 2018ರಲ್ಲಿ, ಆ 27 ಕರಡುಗಳು ಒಟ್ಟಾಗಿ ಅಧಿಕೃತವಾಗಿ ಸಿಕ್ಕವು. ಚಪ್ಪಾಳೆ, ಶಿಳ್ಳೆ, ಬಾಯಲ್ಲೇ ಮಾಡಿದ ವಾದ್ಯದ ಸದ್ದು ಎಲ್ಲವೂ ಅಲ್ಲಿವೆ. ಅದು ಬಿರುಕು ಬಿಡತೊಡಗಿದ ತಂಡವೆಂದು ಇತಿಹಾಸ ಹೇಳುತ್ತದೆ, ಟೇಪು ಮಾತ್ರ ಅದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕಾ’ ಆಲ್ಬಮ್ಮಿನ ಕಥೆ ಇದಕ್ಕೆ ತಿರುವುಮುರುವು. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಕ್ಯಾಸೆಟ್ ಮೇಲೆ ನಾಲ್ಕು ಜಾಡುಗಳನ್ನು ಮುದ್ರಿಸುವ ಟಿಯಾಕ್ 144 ಪೋರ್ಟಾಸ್ಟುಡಿಯೋ ಮತ್ತು ಎರಡು ಸಾಮಾನ್ಯ ಮೈಕುಗಳನ್ನಿಟ್ಟುಕೊಂಡು ಅವರು ಹಾಡಿದ್ದು ತಮ್ಮ ತಂಡಕ್ಕೆ ತೋರಿಸಲು. ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ಓಡಾಡಿದರು. ತಂಡದೊಡನೆ ಸ್ಟುಡಿಯೋದಲ್ಲಿ ಅವೇ ಹಾಡುಗಳನ್ನು ನುಡಿಸಿ ನೋಡಿದಾಗ ಕ್ಯಾಸೆಟ್ಟಿನಲ್ಲಿದ್ದದ್ದು ದಕ್ಕಲಿಲ್ಲ. ಕೊನೆಗೆ ಜೇಬಿನಲ್ಲಿದ್ದ ಕ್ಯಾಸೆಟ್ಟೇ ಅದೇ ವರ್ಷದ ಸೆಪ್ಟೆಂಬರ್ 30ರಂದು ಆಲ್ಬಮ್ ಆಯಿತು. ತಂಡದ ವಿಳಾಸಕ್ಕೆ ಬರೆದ ಪತ್ರವನ್ನು ಬರೆದವರೇ ವಿಳಾಸ ತಿದ್ದಿ ನಮಗೆ ಕಳಿಸಿದ ಅಪರೂಪದ ಸಂದರ್ಭ ಇದು. ಹಾಗಾಗಿ ಇಲ್ಲಿ ಅಭಿಮಾನಿಗಳು ದಶಕಗಳ ಕಾಲ ಕಾದದ್ದು ಮನೆಯ ಟೇಪಿಗಲ್ಲ, ಕೈಬಿಟ್ಟ ಸ್ಟುಡಿಯೋ ಮುದ್ರಣಕ್ಕೆ. 2025ರ ಅಕ್ಟೋಬರ್‌ನಲ್ಲಿ ಅದೂ ಬಂತು. ತಂಡ ನುಡಿಸಿದ್ದನ್ನು ಮೆಚ್ಚಿ ಕೇಳಿದೆ. ಅವರು 1982ರಲ್ಲಿ ಯಾಕೆ ಅದನ್ನು ಬದಿಗಿಟ್ಟರೆಂಬುದು ಎರಡನೆಯ ಹಾಡು ಮುಗಿಯುವಷ್ಟರಲ್ಲಿ ನನಗೆ ಅರ್ಥವಾಗಿತ್ತು.

ಹಾಡಿಗಿಂತ ಮೊದಲು ಬರುವ ಹಾಡು

ಇಲ್ಲಿ ಟೇಪಿನ ಬಗ್ಗೆಯೇ ಒಂದು ಮಾತು ಹೇಳಬೇಕು, ಯಾಕೆಂದರೆ ನಾವು ಕಾಯುತ್ತಿರುವಾಗ ಟೇಪು ಕಾಯುತ್ತ ಕೂರುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಿಂದ ಹಿಡಿಸಿರುತ್ತಾರೆ. ಕೆಲವು ಬಗೆಯ ಟೇಪುಗಳಲ್ಲಿ ಆ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಸಂಗೀತವಿರುವ ಪದರವೇ ಕಿತ್ತು ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ಅಂಥದನ್ನು 50 ಡಿಗ್ರಿಗಿಂತ ತುಸು ಹೆಚ್ಚಿನ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ, ಅದು ಮತ್ತೆ ಜಿಗುಟಾಗುವ ಮೊದಲೇ ನಕಲು ತೆಗೆದುಕೊಳ್ಳಬೇಕಾಗುತ್ತದೆ. ಇನ್ನೊಂದು ವಿಚಿತ್ರವೂ ಇದೆ. ಸುರುಳಿಯಲ್ಲಿ ಪದರದ ಮೇಲೆ ಪದರವಾಗಿ ವರ್ಷಗಟ್ಟಲೆ ಒತ್ತಿಕೊಂಡಿದ್ದಾಗ ಒಂದು ಸುತ್ತಿನ ಕಾಂತತೆ ಪಕ್ಕದ ಸುತ್ತಿಗೆ ತೆಳುವಾಗಿ ಅಚ್ಚೊತ್ತುತ್ತದೆ. ಇದನ್ನು ಬಲ್ಲವರು ‘ಪ್ರಿಂಟ್ ಥ್ರೂ’ ಎನ್ನುತ್ತಾರೆ. ಅದರಿಂದಾಗಿ, ನಿಶ್ಶಬ್ದದ ನಂತರ ಗಾಯಕರು ಬಾಯಿ ತೆರೆಯುವುದಕ್ಕೆ ಒಂದೆರಡು ಕ್ಷಣ ಮೊದಲು ಅದೇ ಸಾಲು ಬಹಳ ದೂರದಿಂದೆಂಬಂತೆ ಕೇಳುತ್ತದೆ. ಎಂಜಿನಿಯರುಗಳಿಗೆ ಅದು ದೋಷ. ಟೇಪನ್ನು ತುದಿಯಿಂದ ಹಿಮ್ಮುಖವಾಗಿ ಸುತ್ತಿಟ್ಟರೆ ಆ ಪ್ರತಿಧ್ವನಿ ಹಾಡಿನ ನಂತರಕ್ಕೆ ಸರಿದು ಮರೆಯಾಗುತ್ತದೆಂಬ ಉಪಾಯವನ್ನೂ ಅವರು ಕಂಡುಕೊಂಡಿದ್ದಾರೆ. ಮೊದಲ ಸಲ ಅದನ್ನು ಗುರುತಿಸಿದಾಗ ನನಗೆ ಮೈ ಜುಮ್ಮೆಂದಿತ್ತು. ಹಾಡು ತನ್ನ ಸರದಿ ಬರುವುದಕ್ಕೂ ಮುಂಚೆ ಬಂದು ಬಾಗಿಲಲ್ಲಿ ನಿಂತಂತೆ ಇರುತ್ತದೆ ಅದು.

ಸಂಸ್ಥೆಗಳು ಇವನ್ನು ಹೊರತರುವುದು ಪ್ರೀತಿಯೊಂದರಿಂದಲೇ ಅಲ್ಲ ಎಂಬುದೂ ನಮಗೆ ಗೊತ್ತು. ಯುರೋಪಿನಲ್ಲಿ ಪ್ರಕಟಗೊಂಡ ಧ್ವನಿಮುದ್ರಣದ ರಕ್ಷಣೆಯನ್ನು 50ರಿಂದ 70 ವರ್ಷಕ್ಕೆ ಏರಿಸಿದಾಗ, 50 ವರ್ಷ ಪ್ರಕಟವಾಗದೇ ಉಳಿದದ್ದಕ್ಕೆ ಆ ಲಾಭ ಸಿಗದಂತಾಯಿತು. ಹಾಗಾಗಿ 2012ರ ಕೊನೆಯಲ್ಲಿ ಡಿಲನ್ ಅವರ 1962ರ ಅಪ್ರಕಟಿತ ಮುದ್ರಣಗಳು, ಗೆಳೆಯರ ಮನೆಯಲ್ಲಿ ಹಾಡಿದ್ದೂ ಸೇರಿ, ಬೆರಳೆಣಿಕೆಯ ಪ್ರತಿಗಳಲ್ಲಿ ಸದ್ದಿಲ್ಲದೆ ಬಿಡುಗಡೆಯಾದವು; ಅದರ ಉಪಶೀರ್ಷಿಕೆಯಲ್ಲೇ ಹಕ್ಕುಸ್ವಾಮ್ಯ ವಿಸ್ತರಣೆಯ ಮಾತಿತ್ತು. ಅಂದಿನಿಂದ ಪ್ರತಿ ಡಿಸೆಂಬರ್‌ನಲ್ಲೂ ನಮ್ಮಂಥವರು ಕಿವಿ ನಿಮಿರಿಸಿಕೊಂಡಿರುತ್ತೇವೆ.

ಅನುಮತಿ ಕೇಳಲಾಗದವರು

ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ 1974ರಲ್ಲಿ, 26ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಮನೆಯಲ್ಲಿ ಮುದ್ರಿಸಿಕೊಂಡಿದ್ದ ಹಾಡುಗಳು 2007ರಲ್ಲಿ ‘ಫ್ಯಾಮಿಲಿ ಟ್ರೀ’ ಎಂಬ ಸಂಕಲನವಾಗಿ ಬಂದವು. ಅದಕ್ಕೆ ಅವರ ಅಕ್ಕ ಗೇಬ್ರಿಯೆಲ್ ಬರೆದದ್ದು ಮುನ್ನುಡಿಯಲ್ಲ, ತೀರಿಹೋದ ತಮ್ಮನಿಗೊಂದು ಪತ್ರ. ಈ ಬಗೆಯ ಯಾವ ಬಿಡುಗಡೆಗೂ ಇದಕ್ಕಿಂತ ಸರಿಯಾದ ಮೊದಲ ಪುಟವನ್ನು ನಾನು ಕಂಡಿಲ್ಲ. ಒಪ್ಪಿಗೆ ಕೇಳಬೇಕಾದವರನ್ನು ಕೇಳಲಾಗದೆಂಬ ಸಂಕಟವನ್ನು ಅಡಗಿಸಿಡದೆ ಅವರ ಹೆಸರು ಹಿಡಿದೇ ಮಾತನಾಡಿಸುವುದು ದೊಡ್ಡ ಮನಸ್ಸು. ಅದೇ ಸಂಕಲನದಲ್ಲಿ ತಾಯಿ ಮಾಲಿ ಡ್ರೇಕ್ ಹಾಡಿದ ಎರಡು ಹಾಡುಗಳಿವೆ. 1950ರ ದಶಕದಲ್ಲಿ ಅವರು ಪಿಯಾನೋ ನುಡಿಸುತ್ತ ಹಾಡಿಕೊಳ್ಳುತ್ತಿದ್ದುದನ್ನು ಗಂಡ ರಾಡ್ನಿ ಮನೆಯ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಜೀವವಿರುವವರೆಗೆ ಆಕೆ ಒಂದು ಮುದ್ರಿಕೆಯನ್ನೂ ಹೊರತಂದವರಲ್ಲ. ಮಗನ ಸ್ವರದ ಏರಿಳಿತ ಎಲ್ಲಿಂದ ಬಂತೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಉತ್ತರ ಆ ಟೇಪಿನಲ್ಲಿತ್ತು. ಅದು ಅಭಿಮಾನಿಗಳಿಗೆಂದು ಮಾಡಿದ್ದಲ್ಲ; ಹೆಂಡತಿಯ ಹಾಡನ್ನು ಕೇಳಲು ಇಷ್ಟಪಟ್ಟ ಗಂಡನೊಬ್ಬ ತನಗಾಗಿ ಮಾಡಿಕೊಂಡದ್ದು. ಆ ಟೇಪನ್ನು ಕೇಳುವಾಗಲೆಲ್ಲ ನಾನು ಅವರ ಕುರ್ಚಿಯಲ್ಲಿ ಕೂತಿದ್ದೇನೆ ಅನಿಸುತ್ತದೆ.

ತೀರಿಹೋದ ಬ್ರಿಟಿಷ್ ಗಾಯಕಿ ಆಮಿ ವೈನ್‌ಹೌಸ್ ಅವರ ಅಪ್ರಕಟಿತ ಕರಡುಗಳನ್ನು ಅವರ ಧ್ವನಿಮುದ್ರಣ ಸಂಸ್ಥೆಯ ಬ್ರಿಟನ್ ಮುಖ್ಯಸ್ಥರೇ ನಾಶಪಡಿಸಿದ್ದಾರೆಂದು 2015ರಲ್ಲಿ ತಿಳಿದಾಗ ಅದನ್ನು ಹೊಗಳಿದವರು ಬಹಳ ಮಂದಿ. ನಾನು ಅವರ ಜೊತೆ ನಿಲ್ಲಲಾರೆ. ಪ್ರಕಟಿಸದಿರುವುದು ಗೌರವ, ಸುಟ್ಟುಹಾಕುವುದು ಬೇರೆಯೇ ಕೆಲಸ. ಆ ಟೇಪನ್ನು ಯಾರಿಗೂ ಕೇಳಿಸದೆ ನೂರು ವರ್ಷ ಬೀಗ ಹಾಕಿಟ್ಟಿದ್ದರೂ ನನಗೆ ಒಪ್ಪಿಗೆಯಿತ್ತು.

ಅಕ್ಕನ ಕ್ಯಾಸೆಟ್ಟು

ಇಷ್ಟೆಲ್ಲ ಯೋಚಿಸುವುದಕ್ಕೆ ಇನ್ನೊಂದು ಕಾರಣವಿದೆ. ನನ್ನ ಅಕ್ಕ ಚಿಕ್ಕವಳಿದ್ದಾಗ ಚೆನ್ನಾಗಿ ಹಾಡುತ್ತಿದ್ದಳು. ಬಾಗಿಲು ಹಾಕಿಕೊಂಡು, ಸಣ್ಣ ಟೇಪ್ ರೆಕಾರ್ಡರನ್ನು ಮೇಜಿನ ಮೇಲಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಳು, ಆಮೇಲೆ ತಲೆ ಬಗ್ಗಿಸಿ ತನ್ನ ಹಾಡನ್ನು ತಾನೇ ಕೇಳುತ್ತಿದ್ದಳು. ಅಂಥ ಒಂದು ಕ್ಯಾಸೆಟ್ ಹೋದ ವರ್ಷ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಪಟ್ಟಿಯನ್ನು ಒತ್ತಿಹಿಡಿಯುವ ಪುಟ್ಟ ಸ್ಪಂಜು ಉದುರಿಹೋಗಿತ್ತು. ಬೇರೊಂದು ಕ್ಯಾಸೆಟ್ಟಿನದನ್ನು ತೆಗೆದು ಅಂಟಿಸಿ, ಪೆನ್ಸಿಲ್ ತೂರಿಸಿ ಸಡಿಲವಾಗಿದ್ದ ಪಟ್ಟಿಯನ್ನು ಬಿಗಿಮಾಡಿ, ಕಂಪ್ಯೂಟರಿಗೆ ಇಳಿಸಿಕೊಂಡೆ. ಒಂದೇ ಹಾಡು ಹನ್ನೊಂದು ಸಲ ಇತ್ತು. ಒಂದು ಕಡೆ ತಪ್ಪಿದಾಗ ‘ಇಲ್ಲ, ಇನ್ನೊಂದ್ಸಲ’ ಎಂದು ತನಗೇ ಹೇಳಿಕೊಳ್ಳುತ್ತಾಳೆ. ಇನ್ನೊಂದು ಕಡೆ ಬಾಗಿಲು ಕಿರುಗುಟ್ಟುತ್ತದೆ, ಹಾಡು ಥಟ್ಟನೆ ನಿಲ್ಲುತ್ತದೆ, ಗುಂಡಿ ಒತ್ತಿದ ಸದ್ದು. ಒಳಗೆ ಇಣುಕಿದವನು ಬಹುಶಃ ನಾನೇ.

ಏಳನೆಯ ಸಲದ ಹಾಡಿನಲ್ಲಿ ಒಂದು ಮೌನವಿದೆ. ಚರಣದ ಮೂರನೆಯ ಸಾಲಿನ ನಡುವೆ ಸ್ವರವನ್ನು ಹಿಡಿದು ನಿಲ್ಲಿಸಿ, ಬಹಳ ಹೊತ್ತು ಬಿಟ್ಟು, ಮುಂದಿನ ಪದವನ್ನು ಅತಿ ಮೆಲ್ಲಗೆ ಎತ್ತಿಕೊಳ್ಳುತ್ತಾಳೆ. ಆ ನಿಲುಗಡೆಯನ್ನು ನಾನು ಅದೆಷ್ಟು ಸಲ ಕೇಳಿದೆನೋ. ಅಷ್ಟು ಸಣ್ಣ ವಯಸ್ಸಿಗೇ ಅಂಥ ತೂಕ ಎಲ್ಲಿಂದ ಬಂತೆಂದು ಬೆರಗಾಗಿದ್ದೆ. ಇದರ ನಕಲೊಂದನ್ನು ಇಟ್ಟುಕೊಳ್ಳಲೇ ಎಂದು ಅವಳನ್ನು ಕೇಳಿದಾಗ ‘ತಪ್ಪು ಇರುವುದನ್ನೆಲ್ಲ ತೆಗೆದು ಇಟ್ಟುಕೋ’ ಅಂದಳು. ತಪ್ಪು ತೆಗೆದರೆ ಉಳಿಯುವುದು ಕಡೆಯ ಒಂದೇ ಒಂದು ಹಾಡು, ಅದರಲ್ಲಿ ಆ ಮೌನವಿಲ್ಲ ಅಂದೆ. ಯಾವ ಮೌನವೆಂದು ಅವಳಿಗೆ ತಿಳಿಯಲಿಲ್ಲ, ಹಾಕಿ ತೋರಿಸಿದೆ. ಕೇಳಿದ ಕೂಡಲೇ ಗುರುತಿಸಿದಳು. ಪದಗಳು ಪುಸ್ತಕದ ಮುಂದಿನ ಪುಟದಲ್ಲಿದ್ದವಂತೆ, ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವಂತೆ. ಮತ್ತೆ ಕೇಳಿದಾಗ ಮೌನದೊಳಗೆ ಹಾಳೆಯನ್ನು ಉಗುರಿನಿಂದ ಬಿಡಿಸುವ ಸಣ್ಣ ಸದ್ದು ನನಗೂ ಕೇಳಿಸಿತು. ಅಷ್ಟು ದಿನ ಅದನ್ನು ಟೇಪಿನ ಕಸ ಅಂದುಕೊಂಡಿದ್ದೆ, ಅದನ್ನು ಅಳಿಸುವ ಉಪಾಯವನ್ನೂ ಹುಡುಕುತ್ತಿದ್ದೆ.

ಆ ಹಾಳೆಯ ಸದ್ದು ತಿಳಿದ ಮೇಲೆ ಮೌನದ ಬೆಲೆ ನನ್ನ ಪಾಲಿಗೆ ಕುಗ್ಗಲಿಲ್ಲ. ಹುಡುಗಿಯೊಬ್ಬಳು ಮುಂದಿನ ಪದಕ್ಕಾಗಿ ಸ್ವರವನ್ನು ಕಿವಿಯಲ್ಲೇ ಹಿಡಿದುಕೊಂಡು ಹಾಳೆ ಬಿಡಿಸುತ್ತಿದ್ದಾಳೆ, ಸಿಕ್ಕೊಡನೆ ಅದೇ ಸ್ವರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹಿಂತಿರುಗುತ್ತಾಳೆ. ಪ್ರಿನ್ಸ್ ಅವರ ಕ್ಯಾಸೆಟ್ಟಿನಲ್ಲಿ ಹಾಡುಗಳ ನಡುವೆ ನಾನು ಹುಡುಕಿದ ಸದ್ದುಗಳಲ್ಲೂ ಇಂಥ ಹಾಳೆಗಳು ಎಷ್ಟಿವೆಯೋ, ಅವನ್ನು ಬಿಡಿಸಿ ಹೇಳಬಲ್ಲವರು ಈಗಿಲ್ಲ. ಇನ್ನು ಯಾರದ್ದೇ ಮನೆಯ ಟೇಪು ಬರಲಿ, ಅದನ್ನು ಸಿದ್ಧಪಡಿಸುವವರು ಸದ್ದುಗಳನ್ನು ತಮಗೆ ಅರ್ಥವಾಗಲಿಲ್ಲವೆಂದು ಗುಡಿಸಿಹಾಕದಿರಲಿ, ಹಾಡುಗಳ ಕ್ರಮವನ್ನು ಕದಲಿಸದಿರಲಿ, ಹನ್ನೊಂದು ಸಲ ಹಾಡಿದ್ದರೆ ಹನ್ನೊಂದೂ ಇರಲಿ ಎಂಬುದು ನನ್ನ ಆಸೆ. 

ಅಕ್ಕ ಆ ಸಂಜೆ ಹನ್ನೊಂದನ್ನೂ ಕೂತು ಕೇಳಿದಳು, ಹಿಂದಿನಂತೆಯೇ ತಲೆ ಬಗ್ಗಿಸಿ. ಬಾಗಿಲು ಕಿರುಗುಟ್ಟಿದಲ್ಲಿ ಒಮ್ಮೆ ನನ್ನ ಕಡೆ ನೋಡಿದಳು. ಮುಗಿದ ಮೇಲೆ ತಪ್ಪು ತೆಗೆಯುವ ಮಾತು ಮತ್ತೆ ಬರಲಿಲ್ಲ. ಕ್ಯಾಸೆಟ್ಟನ್ನು ಹೊರತೆಗೆದು, ಬೆಳಕಿಗೆ ಹಿಡಿದು ಪಟ್ಟಿ ಎಲ್ಲಿಯವರೆಗೆ ಸುತ್ತಿದೆಯೆಂದು ನೋಡಿ, ತಿರುಗಿಸಿ ನನ್ನ ಕೈಗಿಟ್ಟಳು.

‘ಈ ಕಡೆಯದನ್ನು ಹಾಕು, ಇದರಲ್ಲೂ ಏನೋ ಹಾಡಿದ್ದೆ.’